ಹನ್ನೆರಡನೆಯ ಬಲ್ಬು

ಚಿಲೋಯೆ ದ್ವೀಪ, ಅಚಾವೋ ಪೇಟೆ,
ಮೀನಿನಂಗಡಿಯ ಹಿಂದಿನ ಕೋಣೆ.
ಇಪ್ಪತ್ನಾಲ್ಕು ಬಲ್ಬಿನ ಸರ, ಒಂದೂ ಉರಿಯದು.
ರೊಸಾಮೆಲ್ ಮೊದಲಿನಿಂದ ಎಣಿಸಲಿಲ್ಲ.
ಸೀದಾ ನಡುವಿಗೆ, ಹನ್ನೆರಡಕ್ಕೆ, ಕಡ್ಡಿ ಮುಟ್ಟಿಸಿದ.
ಮೀಟರಿನ ಮುಳ್ಳು ಎದ್ದಿತು.
"ಇಲ್ಲೀತನಕ ಬಂದಿದೆ" ಎಂದ.
ಹದಿನೆಂಟು: ಮುಳ್ಳು ಮಲಗಿತ್ತು.
ಹದಿನೈದು: ಎದ್ದಿತು.
ಹದಿನಾರರ ಬುಡದಲ್ಲಿ ತಂತಿ ಹರಿದಿತ್ತು.
ನಾನು ಎಲ್ಲ ಬರೆದುಕೊಂಡೆ,
ಅವನು ನಡುವೆ ಮೂಗು ಒರೆಸಿಕೊಂಡದ್ದನ್ನೂ.

ಮರುದಿನ ಬಂದದ್ದು ನಲವತ್ತರ ಸರ.
ಪುಸ್ತಕ ತೆರೆದೆ. ಹನ್ನೆರಡು. ಹದಿನೆಂಟು. ಹದಿನೈದು.
ಮುಳ್ಳು ಏನು ಹೇಳಿತೋ ನೋಡಲೇ ಇಲ್ಲ.
ಹದಿನಾರನೆಯದನ್ನು ಕಿತ್ತು, ಹೊಸ ತಂತಿ ಹೊಸೆದು,
ಟೇಪು ಸುತ್ತಿ, ಗುಂಡಿ ಒತ್ತಿ
ಕತ್ತಲಲ್ಲಿ ಕಾದು ಕೂತೆ.
ರೊಸಾಮೆಲ್ ಬ್ರೆಡ್ಡು ಜಗಿಯುತ್ತ ಬಹಳ ಹೊತ್ತು ಸುಮ್ಮನಿದ್ದ.
"ನಿನ್ನೆ ಸತ್ತವನಿಗೆ ತೆಗೆದ ಅಳತೆಯಲ್ಲಿ
ಇವತ್ತು ಸತ್ತವನಿಗೆ ಪೆಟ್ಟಿಗೆ ಮಾಡ್ತಿದ್ದೀಯ, ಹುಡುಗಿ."
ಅವನಪ್ಪ ಶವಪೆಟ್ಟಿಗೆಯ ಬಡಗಿ.
ಆ ಮಾತನ್ನೂ ಬರೆದುಕೊಂಡೆ. ಅರ್ಥ ಆಗಲಿಲ್ಲ.

ಜುಲೈ ಚಳಿ. ದೊಡ್ಡಮ್ಮ ಎರ್ಮಿಂದಾಳ ಅಡುಗೆಮನೆಯ ನಲ್ಲಿ
ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.
ಗುಡ್ಡದ ಒರತೆಯಿಂದ ಮನೆತನಕ ಕಪ್ಪು ಪೈಪು,
ಜರೀಗಿಡಗಳೊಳಗೆ ನುಸುಳಿ, ಬೇಲಿ ದಾಟಿ,
ಒಟ್ಟು ಹದಿಮೂರು ಜೋಡು.
"ಮೇಲಿಂದ ಒಂದೊಂದೇ ಬಿಚ್ಚುತ್ತ ಬಾ" ಎಂದಳು.
ಹತ್ತಿದೆ. ಅಲ್ಲಿ ಬಲ್ಬಿಲ್ಲ, ತಂತಿಯಿಲ್ಲ,
ಮುಳ್ಳೇನೋ ಬೇಕಾದಷ್ಟಿತ್ತು, ಮೀಟರಿನದಲ್ಲ.
ಏಳನೆಯ ಜೋಡಿನೆದುರು ಕಾಲು ತಾನೇ ನಿಂತಿತು.
ತಿರುಗಿಸಿದೆ. ಬೂಟಿನ ತುಂಬ ನೀರು.
"ಇಲ್ಲೀತನಕ ಬಂದಿದೆ" –
ಬಾಯಿ ನನ್ನದು, ದನಿ ರೊಸಾಮೆಲ್‌ನದು.
ಹತ್ತು: ಒಣ. ಎಂಟು: ನೀರು. ಒಂಬತ್ತು: ಒಣ.
ಎಂಟು ಒಂಬತ್ತರ ನಡುವೆ, ಎತ್ತಿನ ಗಾಡಿ ಹಾದಲ್ಲಿ,
ಪೈಪು ನಾಲಗೆಯಂತೆ ಚಪ್ಪಟೆ.
ಅಲ್ಲೇ ಕೆಸರಲ್ಲಿ ಕುಕ್ಕರಿಸಿದೆ.
ತಂತಿ ನೀರಾದದ್ದು ಯಾವಾಗ?
ನೀರು ಮೊದಲಿಂದಲೂ ತಂತಿಯೇ ಆಗಿತ್ತೆ?

"ನೀರಿನ ಕೆಲಸ ಯಾರು ಕಲಿಸಿದರು?" ದೊಡ್ಡಮ್ಮ ಕೇಳಿದಳು.
"ರೊಸಾಮೆಲ್."
"ಆ ಬಲ್ಬಿನವನೇ? ದೋಣಿ ಹತ್ತಲೂ ಹೆದರುತ್ತಾನಲ್ಲೇ ಅವನು!"

ಆಮೇಲೆ ನನ್ನನ್ನು ಹಿಡಿಯುವವರಿಲ್ಲ.
ಅದೇ ವಾರ ಅವಳ ಕುರಿಯೊಂದು ಕಳೆಯಿತು.
ಒರತೆಗೂ ಕಡಲಿಗೂ ಸರಿ ನಡುವೆ ಹೋಗಿ ನಿಂತೆ.
ಮೇಲಕ್ಕೊಮ್ಮೆ, ಕೆಳಕ್ಕೊಮ್ಮೆ ಕಿವಿಗೊಟ್ಟೆ.
ಗಾಳಿ, ಅಷ್ಟೆ.
ಸಂಜೆಗೆ ಕುರಿ ನೆರೆಯವರ ಕೋಸಿನ ತೋಟದಿಂದ
ಹೊಟ್ಟೆ ತುಂಬಿಸಿಕೊಂಡು ತಾನೇ ಬಂತು.

ಆ ರಾತ್ರಿ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು,
ಯಾರೂ ಹೇಳಿಕೊಟ್ಟದ್ದಲ್ಲ:
ಕುರಿಯನ್ನು ಸರದಲ್ಲಿ ಪೋಣಿಸಿಲ್ಲ.