ಇಪ್ಪತ್ತಕ್ಕೆ ಒಂದು

ಮೊದಲ ನಕ್ಷೆಯಲ್ಲಿ ಏಳು ಮೆಟ್ಟಿಲಿದ್ದವು.
ಚೆಂದದ ಮೆಟ್ಟಿಲು, ಲಾರ್ಚ್ ಮರದ್ದು.
ಎಳೆಬಿಸಿಲು ಒಂದೊಂದನ್ನೇ ಹತ್ತಿ ಬಂದು
ಗಾಜಿನ ಬಾಗಿಲಲ್ಲಿ ಮುಖ ನೋಡಿಕೊಳ್ಳುವ ಹಾಗೆ
ಗೆರೆ ಎಳೆದವಳು ನಾನೇ.
ತಾಲಿನ್ನಿನ ಕಚೇರಿ ತಲೆದೂಗಿತ್ತು.
ಗಾಲಿಕುರ್ಚಿಗೆಂದು ಹಿಂಬದಿಯಲ್ಲಿ,
ಕಸದ ಡಬ್ಬಿಗಳ ಮಗ್ಗುಲಿಗೆ, ಒಂದು ಇಳಿಜಾರು.
ಕಾನೂನು ಕೇಳಿದಷ್ಟು; ಒಂದು ಗೇಣೂ ಹೆಚ್ಚಿಲ್ಲ.

ಎಂಡೆಲ್ ನಕ್ಷೆಯನ್ನು ತೊಡೆಯ ಮೇಲೆ ಹರಡಿಕೊಂಡ.
ಈ ಜೌಗಿನಲ್ಲೇ ಇಪ್ಪತ್ತಾರು ವರ್ಷ ಪೀಟ್ ಮಣ್ಣು ಕೊಯ್ದವನು,
ಊರೂರ ಒಲೆಗೆ ಅದನ್ನು ರೈಲಿಗೆ ತುಂಬಿದವನು.
ಒಂದು ನವೆಂಬರಿನಲ್ಲಿ ಯಂತ್ರದ ಪಟ್ಟಿ
ಮಣ್ಣಿಗೂ ಮೊಣಕಾಲಿಗೂ ಭೇದವೆಣಿಸಲಿಲ್ಲ.
ಅವನ ಬೆರಳು ಏಳೂ ಮೆಟ್ಟಿಲು ಮುಟ್ಟಿ, ಸುತ್ತಿ ಬಂದು
ಕಸದ ಡಬ್ಬಿಯ ಬಳಿ ನಿಂತಿತು:
“ಎರಡು ಕಾಲು ಮುಂಗಡ ಕೊಟ್ಟಿದ್ದೇನೆ, ಮಗಳೇ, ಈ ಜಾಗಕ್ಕೆ.
ಆದರೂ ಹಿತ್ತಲ ಬಾಗಿಲೇ?”

ಆ ರಾತ್ರಿ ಅಳಿಸಿದ್ದೇ ಅಳಿಸಿದ್ದು.
ಒಂದು ಮೀಟರು ಏರಲು ಇಪ್ಪತ್ತು ಮೀಟರು ದಾರಿ.
ಇಷ್ಟು ಪುಟ್ಟ ಕಟ್ಟಡಕ್ಕೆ
ಅಷ್ಟುದ್ದ ಬಾಲವೇ ಎಂದ ಎಂಜಿನಿಯರು ತಾನೆಲ್.
ಬಾಲವಲ್ಲ, ಅದೇ ಮೈ ಎಂದೆ, ಅರ್ಧ ಹಟಕ್ಕೆ;
ಹೇಳಿಯಾದ ಮೇಲೆ ನನಗೂ ಅರ್ಥವಾಯಿತು.

ಗುತ್ತಿಗೆದಾರನದು ಬೇರೆ ಲೆಕ್ಕ:
ಕಾಂಕ್ರೀಟು ಸುರಿದುಬಿಡಿ, ಕಥೆ ಮುಗೀತು.
ವನಪಾಲಕಿ ಸಾಲ್ಮೆ ಮಾತಾಡಲಿಲ್ಲ.
ಪಾಚಿಯ ನಡುವೆ ನಿಲ್ಲಿಸಿ
ಉದ್ದನೆಯ ಕಬ್ಬಿಣದ ಸರಳು ನನ್ನ ಕೈಗಿತ್ತಳು. ಒತ್ತು, ಎಂದಳು.
ಬೆಣ್ಣೆಯೊಳಗೆ ಬೆರಳು ಹೋದಂತೆ ಹೋಯಿತು
ಆರು ಮೀಟರು. ತಳ ಸಿಗಲಿಲ್ಲ.
“ಮೀಟರಿಗೆ ಸಾವಿರ ವರ್ಷ.
ಎಲ್ಲಿಗೆ ಚುಚ್ಚಿದೆ, ನೀನೇ ಎಣಿಸಿಕೋ.”
ಸರಳು ಕಿತ್ತಾಗ ತೂತು ಗುಳಕ್ಕೆಂದು ಬಾಯಿ ಮುಚ್ಚಿತು,
ಏನೂ ಆಗದವರ ಹಾಗೆ.

ವರ್ಷಕ್ಕೊಂದು ಮಿಲಿಮೀಟರು ಬೆಳೆಯುವ ನೆಲದ ಪಕ್ಕ
ಇಪ್ಪತ್ತಕ್ಕೆ ಒಂದು ಅವಸರವೇ ಹೌದು.

ಕೊನೆಗೆ ಜೌಗನ್ನು ಬಿಟ್ಟು ಅಂಚಿನ ಮರಳಿಗೆ ಸರಿದೆವು.
ತಿರುಪಿ ಇಳಿಸಿದ ಉಕ್ಕಿನ ಕಂಬ, ನಾಳೆ ಬೇಡವೆಂದರೆ
ತಿರುಪಿ ತೆಗೆಯಬಹುದು.
ತೊಲೆಗಳೆಲ್ಲ ಪಾಳುಬಿದ್ದ ಪೀಟ್ ಕಾರ್ಖಾನೆಯವು;
ಮೊಳೆಯ ತೂತುಗಳನ್ನು ಮುಚ್ಚಲಿಲ್ಲ,
ಎಂಡೆಲ್‌ಗೆ ಅವು ಗುರುತು ಸಿಗುತ್ತವಂತೆ.
ಸೂರಿನ ನೀರು ಪೀಪಾಯಿಗೆ. ಪಾಯಿಖಾನೆಗೆ ನೀರೇ ಬೇಡ,
ಮರದ ಹೊಟ್ಟು ಸಾಕು. ಕತ್ತಲಾದರೆ ದೀಪವಿಲ್ಲ,
ಕತ್ತಲು ಅಲ್ಲಿಯವರದು.
ಹಲಗೆದಾರಿ ಜೌಗಿಗೆ ಸೇರುವಲ್ಲಿ ಒಂದು ಕೀಲು:
ಏಪ್ರಿಲ್ಲಿನ ನೆರೆಗೆ ನೆಲ ಗೇಣು ಏಳುತ್ತದೆ,
ಆಗಸ್ಟಿಗೆ ಇಳಿಯುತ್ತದೆ; ಅದು ಉಸಿರಾಡುವಾಗ
ನಾವು ಬಿಗಿದುಕೊಂಡಿರುವುದು ಯಾಕೆ?

ಕಣ್ಣು ಕಾಣದ ವಿಲ್ವೆ ಟೀಚರು
ಕೈಪಿಡಿಯನ್ನು ಉದ್ದಕ್ಕೂ ಸವರಿ ನೋಡಿ,
ದಾರಿ ತಿರುಗುವ ಮುಂಚೆ ಒಂದು ಕಚ್ಚು ಬೇಕೆಂದರು.
ಒಂದು ಕಚ್ಚು, ಅಷ್ಟೆ.
ನನ್ನ ಐದು ವರ್ಷದ ಓದಿನಲ್ಲಿ ಅದಿರಲಿಲ್ಲ.

ಮೊದಲ ಇಬ್ಬನಿ ಹೆಪ್ಪುಗಟ್ಟಿದ ಬೆಳಿಗ್ಗೆ ಎಂಡೆಲ್ ಬಂದ.
ಕುರ್ಚಿಯನ್ನು ತಾನೇ ತಳ್ಳಿಕೊಂಡ; ಹಿಂದೆ ನಾನು.
ಅರ್ಧ ದಾರಿಯಲ್ಲಿ ನಿಂತ. ದಣಿವೇ ಎಂದೆ.
ಮಾತಿಲ್ಲದೆ ಗದ್ದ ಎತ್ತಿ ತೋರಿಸಿದ:
ಎರಡು ಕುಳ್ಳ ಪೈನ್ ಮರಗಳ ಸಂದಿಯಲ್ಲಿ
ದಕ್ಷಿಣಕ್ಕೆ ಹೊರಟ ಕ್ರೌಂಚಗಳು, ಸಾಲು ತಪ್ಪಿ, ಮತ್ತೆ ಸೇರಿ.
ಮೆಟ್ಟಿಲಿದ್ದಿದ್ದರೆ ಆ ಸಂದಿಯನ್ನು
ಎರಡೇ ಹೆಜ್ಜೆಗೆ ದಾಟಿಬಿಡುತ್ತಿದ್ದೆ.

ಬಾಗಿಲಿಗೆ ಹೊಸ್ತಿಲಿಟ್ಟಿರಲಿಲ್ಲ.
ಗಾಲಿ ಒಳಗೆ ಹೋಯಿತು, ಧಡಕ್ಕೆನ್ನಲಿಲ್ಲ.
ಅವನು ಹಿಂತಿರುಗಿ ನೆಲ ನೋಡಿದ,
ಏನೋ ಬಿದ್ದುಹೋದವರ ಹಾಗೆ.

ಹೊಗಳುತ್ತಾನೆಂದು ಕಾದೆ.
ಸ್ವಲ್ಪ ಹೊತ್ತಿಗೆ ಪಾಯಿಖಾನೆಯ ಕಡೆಯಿಂದ ಕೂಗು:
“ಈ ಬಾಗಿಲ ಸ್ಪ್ರಿಂಗು ಬಲು ಬಿಗಿ!”
ಸ್ಕ್ರೂಡ್ರೈವರು ಕಾರಿನಲ್ಲಿತ್ತು.
ಇಳಿದು ಹೋದೆ, ಇಪ್ಪತ್ತಕ್ಕೆ ಒಂದರಂತೆ.