ಕೋಡುಬಳೆಯ ಹೊಟ್ಟೆ

ರಾತ್ರಿ ಎರಡೂಕಾಲಿಗೆ ಅವನ ಹೊಟ್ಟೆ ಮಾತಾಡುತ್ತದೆ.
ಮೊದಲು ದೂರದ ಗೂಡ್ಸ್ ಗಾಡಿ,
ಆಮೇಲೆ ತಳದಲ್ಲಿ ಕುದಿಯುವ ಹೆಸರುಬೇಳೆ,
ಆಮೇಲೆ ಬಾಗಿಲ ಬಳಿ ಉಗುರಿನ ಟಕಟಕ.
ನಾನು ಚಪ್ಪಲಿ ಹುಡುಕುತ್ತೇನೆ.
ಬೆಂಡಿಗೋದ ಜುಲೈ. ಹುಲ್ಲಿನ ಮೇಲೆ ಇಬ್ಬನಿ ಗಾಜಾಗಿದೆ.
ಬೆನ್ನು ಬಿಲ್ಲಾಗಿಸಿ ನಿಲ್ಲುತ್ತಾನೆ,
ನನ್ನತ್ತ ನೋಡುವುದಿಲ್ಲ.
ನಾನೂ ನೋಡದವಳಂತೆ
ಟಾರ್ಚು ಹಿಡಿದು ನೋಡುತ್ತೇನೆ.

ರೇಸಿನಲ್ಲಿ ಇವನ ಹೆಸರು ಮಿಡ್‌ನೈಟ್ ಇನ್‌ವಾಯ್ಸ್.
ಕಿವಿಯೊಳಗೆ ಹಸಿರು ಹಚ್ಚೆ.
ಹನ್ನೊಂದು ಓಟ, ಒಮ್ಮೆ ಮೂರನೆಯ ಸ್ಥಾನ,
ಆಮೇಲೆ ನಮ್ಮ ಸೋಫಾ.
ಸುತ್ತಿಕೊಂಡು ಮಲಗಿದ್ದು ನೋಡಿ
ಭರತೇಶ ಅಂದ: ಕೋಡುಬಳೆ.
ಅದೇ ಉಳಿಯಿತು.

ನಾಯಿ ಹೊಟ್ಟೆಗೆ ತುಪ್ಪ ದಕ್ಕೀತೇ ಅಂತ
ನಮ್ಮಜ್ಜಿ ಬೈಯುತ್ತಿದ್ದದ್ದು ಮನುಷ್ಯರನ್ನು,
ಹೆಚ್ಚಾಗಿ ದೊಡ್ಡಪ್ಪನನ್ನು.
ಅದು ನಿಜಕ್ಕೂ ನಾಯಿಯ ವಿಷಯವೆಂದು ತಿಳಿದದ್ದು
ಪ್ರೀತಿಯಿಂದ ಒಂದು ಚಮಚ ಹಾಕಿದ ಮರುದಿನ,
ಕಾರ್ಪೆಟ್ಟು ಉಜ್ಜುತ್ತ.
ಮೊಸರನ್ನವೂ ಆಯಿತು.
ಅದೂ ಕಾರ್ಪೆಟ್ಟಿಗೇ ಹೋಯಿತು.

ಅಂಗಡಿಯ ಆ ಸಾಲು ಎಷ್ಟು ಉದ್ದ!
ಒಂದು ಚೀಲದ ಮೇಲೆ ತೋಳ, ಬೆಟ್ಟ, ಹುಣ್ಣಿಮೆ.
ಒಂದರ ಮೇಲೆ ಬೊಗಸೆ ತುಂಬ ಬ್ಲೂಬೆರಿ.
ತಿರುಗಿಸಿದರೆ ಇರುವೆಸಾಲಿನ ಅಕ್ಷರ:
ಮೊದಲು ಜೋಳ, ಆಮೇಲೆ ಗೋಧಿಯ ತೌಡು,
ಬ್ಲೂಬೆರಿ ಎಲ್ಲೋ ಉಪ್ಪಿಗಿಂತ ಕೆಳಗೆ.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.
ಇನ್ನೊಂದರಲ್ಲಿ ಬರೀ ‘ಮಾಂಸ ಮತ್ತು ಮಾಂಸದ ಉತ್ಪನ್ನ’.
ಯಾರ ಮಾಂಸ? ಹೆಸರಿಲ್ಲ, ಊರಿಲ್ಲ.
ಹೆಸರು ಹೇಳದ ಊಟವನ್ನು
ಬಡಿಸುವುದು ಹೇಗೆ?

ಬಿಸ್ಕತ್ತಿನ ಪೊಟ್ಟಣ ತಿರುವಿ ತಿರುವಿ
ಜೆಲಟಿನ್ ಹುಡುಕಿ ಪಳಗಿದ ಕಣ್ಣು ನನ್ನದು.
ಇಪ್ಪತ್ತು ವರ್ಷ ಹುಡುಕಿದ್ದು ಬೇಡದ್ದನ್ನು.
ಈಗ, ಅದೇ ಕನ್ನಡಕದಲ್ಲಿ, ಬೇಕಾದ್ದನ್ನು.

ಕೋಳಿ ಬೇಡ, ದನ ಬೇಡ, ಅಂದಳು ಡಾಕ್ಟರ್ ಮೊರಾಗ್,
ಇವನ ಕರುಳಿಗೆ ಅವೆರಡರ ಮೇಲೂ ಸಿಟ್ಟು.
ಈರುಳ್ಳಿ ಬೆಳ್ಳುಳ್ಳಿಯಂತೂ ವಿಷ.
(ಅಷ್ಟರಮಟ್ಟಿಗೆ ನೀನು ನಮ್ಮ ಬಸದಿಯವನೇ, ಕೋಡುಬಳೆ.)
ಹಿಂದೆಂದೂ ತಿನ್ನದ ಒಂದೇ ಒಂದು ಮಾಂಸ ಇರಲಿ,
ಜತೆಗೆ ಸಿಹಿಗೆಣಸು.
ಕಾಂಗರೂ, ಅಂದಳು.
ನಾನು ಕೇಳಿದ್ದು: ಗೆಣಸು ನೆಲದ ಕೆಳಗಿನದಲ್ಲವೇ?
ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ.
ಕೇಳಿದ ಮೇಲೆ, ನನಗೂ.

ಚೀಲ ಡಿಕ್ಕಿಯಲ್ಲಿತ್ತು. ಮುಸ್ಸಂಜೆ,
ಗಾಲ್ಫ್ ಮೈದಾನದ ತಿರುವಿನಲ್ಲಿ ಒಂದು ಎದ್ದು ನಿಂತಿತು,
ಮುಂಗೈ ಎರಡೂ ಎದೆಯ ಹತ್ತಿರ,
ಸಕ್ಕರೆ ಕಡ ಕೇಳಲು ಬಂದ ಪಕ್ಕದಮನೆಯವಳ ಹಾಗೆ.
ದೀಪ ತಗ್ಗಿಸಿದೆ.
ಅದು ದಾಟಿ ಹೋಗುವವರೆಗೆ
ಇಂಜಿನ್ನೂ ನಾನೂ ಸುಮ್ಮನಿದ್ದೆವು.

ಭರತೇಶನಿಗೆ ಹೇಳಲಿಲ್ಲ. ಅವನೂ ಕೇಳಲಿಲ್ಲ.
ಚೀಲ ಹೊತ್ತು ಗ್ಯಾರೇಜಿನಲ್ಲಿಟ್ಟ,
ಅದರ ಚಮಚಕ್ಕೆ ಕೆಂಪು ದಾರ ಕಟ್ಟಿದ,
ತಪ್ಪಿಯೂ ಅಡುಗೆಮನೆಗೆ ಬಾರದಿರಲಿ ಅಂತ.
ಕಟ್ಟಿದ ಮೇಲೆ ಬಗ್ಗಿ ಕೋಡುಬಳೆಗೆ ಹೇಳಿದ:
ನಿನ್ನ ಊಟ ನಿನ್ನದು ಮಾರಾಯಾ.

ಒಮ್ಮೆಗೇ ಬದಲಿಸಬಾರದಂತೆ.
ಮೊದಲ ದಿನ ಹಾಲಿಗೆ ಹೆಪ್ಪು ಹಾಕುವಷ್ಟು,
ಮರುದಿನ ಇನ್ನೊಂದಿಷ್ಟು.
ತಕ್ಕಡಿಯಲ್ಲಿ ತೂಗಿ, ಕ್ಯಾಲೆಂಡರಿನಲ್ಲಿ ಬರೆದು,
ನಾಲ್ಕನೆಯ ದಿನ ಮತ್ತೆ ಗೂಡ್ಸ್ ಗಾಡಿ.
ಅಳು ಬಂತು. ಎರಡು ದಿನ ಹಿಂದಕ್ಕೆ ಹೋಗಿ
ಮತ್ತೆ ಹೆಪ್ಪಿನಿಂದ ಶುರು.

ಒಂದು ರಾತ್ರಿ ಎರಡೂಕಾಲಿಗೆ ಎಚ್ಚರವಾಯಿತು.
ಏನೂ ಸದ್ದಿಲ್ಲ.
ಹೆದರಿ ಎದ್ದು ಹೋಗಿ
ಅವನ ಪಕ್ಕೆಗೆ ಕಿವಿ ಆನಿಸಿದೆ.
ಒಂದು ಕಣ್ಣು ತೆರೆದ,
ಈ ಹೊತ್ತಲ್ಲಿ ಇವಳಿಗೇನಾಗಿದೆ ಎಂಬಂತೆ.

ಬೆಳಿಗ್ಗೆ, ಇಬ್ಬನಿಯ ನಡುವೆ,
ಹಬೆಯಾಡುತ್ತ, ಗಟ್ಟಿಯಾಗಿ, ಲಕ್ಷಣವಾಗಿ—
ಭರತೇಶಾ, ಬಾ ಇಲ್ಲಿ, ನೋಡು! ಎಂದು ಕೂಗಿದೆ.
ಹಲ್ಲುಜ್ಜುತ್ತಲೇ ಓಡಿ ಬಂದ.