ಮೂರು ಬೆರಳಿನ ಅಳತಿ

ಕಲಬುರಗಿ, ಹುಮನಾಬಾದ್ ರಿಂಗ್ ರೋಡ್, ಮಧ್ಯಾಹ್ನ ಮೂರು.
ಶಹಾಬಾದ್ ಪರಸಿ ಕಾದು ಹಂಚಾಗಿತ್ತು.
ಮಕ್ದೂಮ ಉಸ್ತಾದ ಒಂದು ಬಕೆಟ್ ನೀರು ಚೆಲ್ಲಿ,
ಅದು ಆರೂತನಕ ತಡದು,
ಸೀಮೆಸುಣ್ಣ ಹಿಡಕೊಂಡು ಕುಂತ.

ನೂರಾ ತೊಂಬತ್ತೈದು, ಐವತ್ತೈದು, ಹದಿನೈದು.
ಇದು ಈಗ ಇದ್ದದ್ದು, ಅಂದ.
ಇನ್ನೂರಾ ಐದು, ನಲವತ್ತೈದು, ಹದಿನಾರು.
ಇದು ನಿಮ್ಮ ಆಸೆ.
ಎತ್ತರ ನಾಕೂವರಿ ಮಿಲಿಮೀಟರ್ ಕಮ್ಮಿ ಆಗ್ತದ, ಅಷ್ಟೇ.
ನೀವು ತೊಂಬತ್ತೊಂಬತ್ತು ಹೊಂಟಾಗ ಮೀಟರು ನೂರು ಅಂತದ.
ಅಷ್ಟು ಸುಳ್ಳು ನಡೀತದ ಬಾಯಿ.

ಆದ್ರ ರಬ್ಬರಿನ ಗ್ವಾಡಿ ನೋಡ್ರಿ,
ಹದಿನೈದು ಮಿಲಿಮೀಟರ್ ಸಣ್ಣ ಆಯ್ತು.
ಸೇಡಂ ರೋಡಿನ್ಯಾಗ ಸಿಮೆಂಟ್ ಲಾರಿ ತೋಡಿಟ್ಟ ಕುಣಿಗೆ
ಆ ಹದಿನೈದರ ಲೆಕ್ಕ ಚೊಲೋ ಗೊತ್ತದ.

ನನಗೇನು ಗೊತ್ತಿರಲಿಲ್ಲೇನು?
ಬಸ್ ಡಿಪೋದ ಟೈರ್ ಸೆಕ್ಷನ್ನಿನ್ಯಾಗ ಇಪ್ಪತ್ತೆರಡು ವರ್ಷ
ರಜಿಸ್ಟರ್ ಬರದಾಕಿ ನಾನು.
ಯಾವ ಟೈರು ಎಷ್ಟು ಓಡ್ತು, ಎಷ್ಟು ಸಲ ತೇಪಿ ಬಿತ್ತು,
ಯಾವುದು ಆಳಂದ ರೂಟಿನ್ಯಾಗ ಒಡೀತು,
ಎಲ್ಲಾ ನನ್ನ ಅಕ್ಷರ.
ಒಂದರ ಮ್ಯಾಲೂ ಮನಸ್ಸು ಬಿದ್ದಿದ್ದಿಲ್ಲ.

ಬೀಸಿ ಎತ್ತಿದ ರೊಕ್ಕಕ್ಕ ಈ ನೀಲಿ ಗಾಡಿ ತಗೊಂಡೆ,
ಸೆಕೆಂಡ್ ಹ್ಯಾಂಡು, ಹಿಂದ ಸಣ್ಣ ರೆಕ್ಕಿ.
ಎಲ್ಲಾ ಛಂದ ಅದ, ಗಾಲಿ ಮಾತ್ರ ಒಳಗ ಸರದಾವ,
ಹೊಸಾ ಸೊಸಿ ಬಾಗಿಲ ಹಿಂದ ನಿಂತಂಗ.
ಅವನ್ನ ಹೊರಗ ಕರೀಬೇಕು, ಉಸ್ತಾದ.

ಎಷ್ಟು ಹೊರಗ?
ಅಲ್ಯುಮಿನಿಯಂ ರೊಟ್ಟಿ ಹಂಗಿದ್ದ ಸ್ಪೇಸರ್ ಹರವಿದ,
ಐದು, ಹತ್ತು, ಹದಿನೈದು.
ನಾನು ಹದಿನೈದರ ಮ್ಯಾಲ ಕೈ ಇಟ್ಟೆ.

ಆಂವ ನಕ್ಕು ಫೆಂಡರಿನ ಕೆಳಗ ಬಲಗೈ ತೂರಿಸಿದ.
ಲಾರಿಯ ರಿಂಗು ಹಾರಿದ ದಿನ ಒಂದು ಬೆರಳು ಹೋಗ್ಯಾದ ಆ ಕೈಯಾಗಿಂದು.
ನಾಕು ಬೆರಳು ಜಾಗ ಬೇಕು, ಅಂದ,
ಮೂರು ಇಟ್ಟ,
ಇಲ್ಲದ್ದರ ಜಾಗಾನೂ ಹಂಗೇ ಬಿಟ್ಟು ಎಣಿಸಿದ.

ಹಬ್ಬಿನ ಮ್ಯಾಲ ಬಳಿ ಹಂಗ ಬಿಗೀಯಾಗಿ ಕುಂದರಬೇಕು,
ಸಡ್ಲಾದ್ರ ಎಂಬತ್ತಕ್ಕ ಸ್ಟಿಯರಿಂಗ್ ಥರಥರ.
ಹಳೀ ಬೋಲ್ಟು ಮುಟ್ಟಬ್ಯಾಡ್ರಿ, ಉದ್ದಂದು ಹಾಕ್ತೀನಿ.
ಆಂವ ತಿರುವಿದ, ನಾನು ಬಾಯಾಗ ಎಣಿಸಿದೆ,
ಐದು, ಆರು, ಏಳು ಸುತ್ತು,
ಆಮ್ಯಾಲ ಪಾನಾ ಟಕ್ ಅಂತು.

ಗಾಡಿ ಕೆಳಗ ಇಳೀತು. ಖರೆ ಹೇಳ್ತೀನಿ,
ನನ್ನ ಕೊಳ್ಳಾಗ ಏನೋ ಸಿಕ್ಕಂಗಾತು.
ಕಾಲು ಅಗಲಿಸಿ ನಿಂತಿತ್ತು,
ಯಾರ ಅಪ್ಪಣಿನೂ ಬೇಕಿಲ್ಲ ಅನ್ನೋ ಹಂಗ.

ಒಬ್ಬರೇ ಕುಂತಾಗ ಎಲ್ಲಾ ಟೈರೂ ಹಿಡೀತಾವ ಬಾಯಿ,
ಅಂದ ಉಸ್ತಾದ, ಸೀಟಿ ಹೊಡದ.
ಪಾನ್ ಡಬ್ಬಿಯ ಅಂಬಾರಾಯ ಬಂದ, ನೂರಾ ಹತ್ತು ಕಿಲೋ,
ಚಹಾ ತರೋ ಸೈಬಣ್ಣ, ಕಿಟಲಿ ಸಮೇತ,
ಬ್ಯಾಟರಿ ಅಂಗಡಿಯ ಭೀಮಶಾ, ಹೆಲ್ಪರ್ ಹುಡುಗ.
ತುಂಬಿ ಕುಂತರು.
ರೋಡ್ ಹಂಪಿನ ಮ್ಯಾಲ ಹತ್ತಿಸಿದೆ,

ಕರ್ರ್.

ಯಾರೂ ಮಾತಾಡಲಿಲ್ಲ.
ಕಿಟಲಿಯ ಚಹಾ ಅಂಬಾರಾಯನ ಧೋತರದ ಮ್ಯಾಲ.

ಹದಿನೈದು ತಗದು ಹಿಂದ ಹತ್ತು, ಮುಂದ ಐದು ಹಾಕಿದ.
ಆಸೆ ಪೂರಾ ಹೋಗಲಿಲ್ಲ, ಐದೈದು ಹೋತು.
ಮತ್ತ ಹಂಪು. ಸಪ್ಪಳ ಇಲ್ಲ.
ಇಳೀರೋ ಅಂದ್ರ ಒಬ್ಬರೂ ಇಳೀಲಿಲ್ಲ,
ಒಂದು ರೌಂಡು ಅಕ್ಕಾ, ಅಂದ ಸೈಬಣ್ಣ,
ಯೂನಿವರ್ಸಿಟಿ ಗೇಟಿನ ತನಕ.

ರಾತ್ರಿ ಒಂದು ಹೊಸಾ ನೋಟ್ ಬುಕ್ಕಿನ್ಯಾಗ ಗೆರಿ ಹಾಕಿದೆ.
ಟೈರ್ ನಂಬರು. ಹಾಕಿದ ತಾರೀಖು. ಓಡಿದ್ದು: ಒಂಬತ್ತು.
ನೂರು ಕಿಲೋಮೀಟರಿಗೆ ಬಂದು ಬೋಲ್ಟು ಮತ್ತ ಬಿಗಿಸ್ಕೋರಿ
ಅಂತ ಉಸ್ತಾದ ಹೇಳಿ ಕಳಿಸ್ಯಾನ.
ಷರಾ: ನಾಳಿ ಸೇಡಂಗೆ ಹೋಗಿ ಬಂದ್ರ ನೂರು ದಾಟ್ತದ.
ಸೇಡಂನ್ಯಾಗ ಕೆಲಸ ಏನೂ ಇಲ್ಲ.